ಕೂಡು ತರಕಾರಿ ಬೇಸಾಯದಲ್ಲಿ ಪಾಲುಗಾರರ ನಂಬಿಕೆ

(ಸಂಘದ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವಷ್ಟು ಓದು ನಮ್ಮದಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ತಟ್ಟೆ ತೊಳೆದು, ಟೇಬಲು ಒರಸಿ, ಸಪ್ಲಾಯರಾಗಿ, ಬಳಿಕ ಸಂಘದ ಕೆಲಸಕ್ಕೆ ಇಳಿದವರು ನಾವು. ಆದರೂ ನಮ್ಮ ಕಾರ್ಯದರ್ಶಿಗಳು, "ನಿಮ್ಮ ತರಕಾರಿ ತೋಟದ ವಿಷಯವನ್ನು ನಾಲ್ಕು ಮಂದಿಯ ಮುಂದೆ ಹೇಳಿ" ಎಂದು ಒತ್ತಾಯ ಮಾಡಿದ್ದರಿಂದ ಇಲ್ಲಿ ನಿಂತಿದ್ದೇವೆ. ತೋಟದ ಮಾತಿನಲ್ಲಿ 'ನಾವು' ಎಂದರೆ ಒಬ್ಬರಲ್ಲ. ಊರಿನಲ್ಲಿ ನಾಲ್ಕು ಮಂದಿ, ಇಲ್ಲಿ ಐದು ಮಂದಿ, ಹೀಗೆ ಒಂಬತ್ತು ಪಾಲುಗಾರರು. ಆ ಒಂಬತ್ತು ಮಂದಿಯ ಮಾತನ್ನು ಒಂದು ಬಾಯಿಂದ ಹೇಳುತ್ತಿದ್ದೇವೆ.

ಈಚೆಗೆ ನಮ್ಮ ಖೋಲಿಗಳಲ್ಲಿ ರಾತ್ರಿ ಊಟವಾದ ಮೇಲೆ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. "ಊರಿನಲ್ಲಿ ಗದ್ದೆ ಹಡಿಲು ಬಿದ್ದಿದೆ. ನಾಲ್ಕೈದು ಮಂದಿ ಸೇರಿ ವಿಷ ಹೊಡೆಯದೆ ತರಕಾರಿ ಬೆಳೆದರೆ ಹೇಗೆ? ಹೋಟೆಲಿಗೂ ಬೇಕು, ಊರಿನ ಪೇಟೆಗೂ ಬೇಕು." ಆಸೆ ಒಳ್ಳೆಯದೇ. ಆದರೆ ಈ ಆಸೆಗೆ ಹಾಕುವ ಹಣ ಯಾವುದು? ಇಪ್ಪತ್ತು ವರ್ಷ ದುಡಿದ ಪ್ರಾವಿಡೆಂಟ್ ಫಂಡು, ಮಗಳ ಮದುವೆಗೆಂದು ಕಟ್ಟಿದ ಭಿಸಿ, ಹೆಂಡತಿಯ ಕೈಬಳೆ. ಅದು ಹೋದರೆ ಎರಡನೆಯ ಸಲ ಕೂಡಿಸುವ ವಯಸ್ಸು ನಮ್ಮಲ್ಲಿ ಹಲವರಿಗೆ ಉಳಿದಿಲ್ಲ. ಹಣದ ಜೊತೆಗೆ ಸ್ನೇಹವೂ ಹೋಗುತ್ತದೆ. ಒಂದೇ ಖೋಲಿಯಲ್ಲಿ ಹತ್ತು ವರ್ಷ ಚಾಪೆಗೆ ಚಾಪೆ ತಾಗಿಸಿ ಮಲಗಿದವರು ಪಾಲು ವ್ಯಾಪಾರ ಮುರಿದ ಮೇಲೆ ರೈಲು ನಿಲ್ದಾಣದಲ್ಲಿ ಮುಖ ತಿರುಗಿಸಿ ಹೋದದ್ದನ್ನು ತಾವೂ ಕಂಡಿದ್ದೀರಿ. ಆದುದರಿಂದ ಬೀಜ ಗೊಬ್ಬರದ ಮಾತಿಗಿಂತ ಮೊದಲು ಪಾಲುಗಾರರ ನಡುವಿನ ನಂಬಿಕೆಯ ಮಾತನ್ನು ಆಡಬೇಕೆಂದು ನಮಗೆ ತೋರಿದೆ.

ನಾವು ಹೇಳಬೇಕೆಂದಿರುವುದು ಇಷ್ಟೇ. ನಂಬಿಕೆ ಇದೆಯೆಂದು ತಿಳಿದು ಕೆಲಸ ಆರಂಭಿಸಿದರೆ ಸಾಲದು. ಬೆಂಡೆ ಹರಿವೆ ಬೆಳೆದಂತೆ ನಂಬಿಕೆಯನ್ನೂ ದಿನದಿನವೂ ಬೆಳೆಯಬೇಕು. ಅದಕ್ಕೆ ಗೊಬ್ಬರ ಯಾವುದೆಂದರೆ ಎಲ್ಲರ ಕಣ್ಣಿಗೂ ಕಾಣುವ ಲೆಕ್ಕ.

ಭತ್ತಕ್ಕಿಂತ ತರಕಾರಿಯಲ್ಲಿ ಜಗಳ ಹೆಚ್ಚು ಏಕೆ?

ಭತ್ತದಲ್ಲಿ ಲೆಕ್ಕ ಬೆಳೆಗೊಮ್ಮೆ. ಕೊಯ್ದು, ಬಡಿದು, ಅಳೆದು, ಎಲ್ಲರೂ ಅಂಗಳದಲ್ಲಿ ನಿಂತು ಪಾಲು ಮಾಡಿಕೊಂಡರೆ ಮುಗಿಯಿತು. ತರಕಾರಿ ಹಾಗಲ್ಲ. ಹರಿವೆ ಬಿತ್ತಿದ 25-30 ದಿನಕ್ಕೆ ಕೀಳಲು ಬರುತ್ತದೆ. ಬೆಂಡೆ ಒಂದೂವರೆ ತಿಂಗಳಿಗೆ ಆರಂಭವಾದರೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಒಂದು ದಿನ ತಡವಾದರೆ ನಾರಾಗುತ್ತದೆ. ಅಲಸಂಡೆ, ತೊಂಡೆ, ಹೀರೆ ಎಲ್ಲವೂ ಹೀಗೆಯೇ. ಇವತ್ತು 8 ಕಿಲೋ, ನಾಡಿದ್ದು 11 ಕಿಲೋ. ಬೆಳಿಗ್ಗೆ ಒಂದು ದರ, ಸಂಜೆ ಇನ್ನೊಂದು ದರ. ಸ್ವಲ್ಪ ಬಾಡುತ್ತದೆ, ಸ್ವಲ್ಪ ಕೊಳೆಯುತ್ತದೆ, ಸ್ವಲ್ಪ ನೆರೆಮನೆಗೆ ಹೋಗುತ್ತದೆ. ನೂರು ಸಲ ಚಿಲ್ಲರೆ ಹಣ ಕೈ ಬದಲಾಗುತ್ತದೆ. ಕೈ ಬದಲಾದ ನೂರು ಸಲವೂ ಸಂಶಯಕ್ಕೆ ಒಂದೊಂದು ಕಿಂಡಿ ತೆರೆಯುತ್ತದೆ. 'ತಾಯಿ ಮಕ್ಕಳಾದರೂ ಹೊಟ್ಟೆ ಬಾಯಿ ಬೇರೆ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನೊಂದು ಕಷ್ಟವೂ ಇದೆ. ನಮ್ಮಂಥವರ ಬೇಸಾಯದಲ್ಲಿ ಹಣ ಹಾಕಿದವನು ಮುಂಬಯಿಯಲ್ಲಿ, ಬೆವರು ಹಾಕುವವನು ಊರಿನಲ್ಲಿ. ಇಲ್ಲಿದ್ದವನು ತಿಳಿಯುವುದೇನು? "ಅಲ್ಲಿ ಅವರು ಮಾರಿದ್ದು ಎಷ್ಟೋ, ಹೇಳಿದ್ದು ಎಷ್ಟೋ." ಅಲ್ಲಿದ್ದವನು ತಿಳಿಯುವುದೇನು? "ನಾವು ಬಿಸಿಲಲ್ಲಿ ಸಾಯುತ್ತೇವೆ, ಅವರು ಫ್ಯಾನಿನ ಕೆಳಗೆ ಕೂತು ಲೆಕ್ಕ ಕೇಳುತ್ತಾರೆ." ಇಬ್ಬರ ಮಾತಿಗೂ ಕಾರಣವುಂಟು. 'ಕೈ ಕೆಸರಾದರೆ ಬಾಯಿ ಮೊಸರು' ಎನ್ನುತ್ತೇವೆ. ಆದರೆ ಪಾಲು ಬೇಸಾಯದಲ್ಲಿ ಕೈ ಒಬ್ಬನದು, ಬಾಯಿ ಇನ್ನೊಬ್ಬನದು ಆಗಬಾರದಲ್ಲ!

ನಮಗೆ ಮೊದಲೇ ಗೊತ್ತಿರುವ ಪಾಠ

ಇದಕ್ಕೆ ಉಪಾಯವನ್ನು ಯಾರೋ ದೊಡ್ಡವರು ಬಂದು ಹೇಳಿಕೊಡಬೇಕಾಗಿಲ್ಲ. ಹೋಟೆಲಿನ ಗಲ್ಲಾವನ್ನು ನೆನೆಯಿರಿ. ಸಪ್ಲಾಯರು ಬಿಲ್ಲು ಕೊಡುತ್ತಾನೆ, ಗಲ್ಲಾದವರು ಹಣ ಪಡೆಯುತ್ತಾರೆ, ರಾತ್ರಿ ಬಾಗಿಲು ಹಾಕುವ ಮೊದಲು ಬಿಲ್ಲಿಗೂ ಹಣಕ್ಕೂ ತಾಳೆ ನೋಡುತ್ತಾರೆ. ಯಾರನ್ನೋ ಕಳ್ಳನೆಂದು ತಿಳಿದು ಹೀಗೆ ಮಾಡುವುದಿಲ್ಲ. ದಿನದ ತಾಳೆ ದಿನವೇ ಆದರೆ ಯಾರ ಮೇಲೂ ಬೆರಳು ಹೋಗುವುದಿಲ್ಲ. ಹದಿನೈದು ದಿನ ಬಿಟ್ಟು ನೋಡಿದರೆ ಎಲ್ಲರ ಮೇಲೂ ಹೋಗುತ್ತದೆ.

ಗಿರಣಿಯ ಹಿರಿಯರಿಗೂ ಇದು ಗೊತ್ತು. ಒಂದು ಪಾಳಿಯವರು ಸಾಂಚಾ ಬಿಟ್ಟು ಇನ್ನೊಂದು ಪಾಳಿಯವರು ಹಿಡಿಯುವಾಗ ಎಷ್ಟು ನೇಯ್ದಾಯಿತು, ಎಲ್ಲಿ ನೂಲು ಹರಿದಿದೆ ಎಂಬುದನ್ನು ಹೇಳಿಯೇ ಹೋಗುತ್ತಿದ್ದರು. ಹೇಳದೆ ಹೋದರೆ ದಂಡ ಬೀಳುತ್ತಿದ್ದುದು ಬಂದವನಿಗೆ.

ಭಿಸಿಯನ್ನೂ ನೋಡಿ. ಹತ್ತು ಹನ್ನೆರಡು ಮಂದಿ ಸೇರಿ ತಿಂಗಳು ತಿಂಗಳು ಹಣ ಹಾಕಿ ಚೀಟಿ ಎತ್ತುತ್ತೇವೆ. ಚಿಕ್ಕ ಗುಂಪಾದರೆ ಹೆಚ್ಚಾಗಿ ಅದು ನಡೆದುಕೊಂಡು ಹೋಗುತ್ತದೆ. ಏಕೆ? ಎಲ್ಲರಿಗೂ ಎಲ್ಲರ ಗುರುತು ಇದೆ, ಮೊತ್ತ ಚಿಕ್ಕದು, ಚೀಟಿ ಎತ್ತುವುದು ಎಲ್ಲರ ಕಣ್ಣ ಮುಂದೆ, ಇವತ್ತು ಪಡೆದವನು ನಾಳೆ ಕೊಡಲೇಬೇಕು. ಈ ನಾಲ್ಕು ಗುಣಗಳನ್ನು ತೋಟಕ್ಕೆ ಒಯ್ದರೆ ಅರ್ಧ ಕೆಲಸವಾದಂತೆ.

ನಮ್ಮ ಪುಸ್ತಕದ ಕಥೆ

2020ರ ಮಾರ್ಚಿನಲ್ಲಿ ಕೊರೋನ ಬಂದು ಹೋಟೆಲುಗಳು ಮುಚ್ಚಿದಾಗ ನಮ್ಮಲ್ಲಿ ಅನೇಕರು ಊರಿಗೆ ಹೋದದ್ದು ತಮಗೆ ನೆನಪಿದೆ. ನಾವೂ ಹೋದೆವು. ನಮ್ಮಲ್ಲೊಬ್ಬರ ಮನೆತನದ ಒಂದೂವರೆ ಎಕ್ರೆ ಗದ್ದೆ ಹಡಿಲು ಬಿದ್ದಿತ್ತು. ಮಳೆಗಾಲದ ಭತ್ತ ಕೊಯ್ದ ಬಳಿಕ ಅದರಲ್ಲಿ ಬೆಂಡೆ, ಅಲಸಂಡೆ, ಹರಿವೆ, ಸಾಂಬಾರು ಸೌತೆ, ಬೂದುಗುಂಬಳ ಹಾಕಿದೆವು. ಹೋಟೆಲು ತೆರೆದ ಮೇಲೆ ಐದು ಮಂದಿ ತಿರುಗಿ ಬಂದೆವು, ನಾಲ್ಕು ಮಂದಿ ಅಲ್ಲಿಯೇ ಉಳಿದರು.

ಬೀಜ ಹಾಕುವ ಮೊದಲೇ ಒಂದು ಉದ್ದನೆಯ ಪುಸ್ತಕ ಕೊಂಡೆವು. ಅದರಲ್ಲಿ ಐದು ಅಂಕಣ: ದಿನಾಂಕ, ತರಕಾರಿ, ತೂಕ, ಯಾರಿಗೆ ಕೊಟ್ಟದ್ದು, ಬಂದ ಹಣ. ತೂಗಿದವರು ಒಬ್ಬರು, ಬರೆದವರು ಇನ್ನೊಬ್ಬರು, ಇಬ್ಬರದೂ ಸಹಿ. ಈ ಕೆಲಸ ಹದಿನೈದು ದಿನಕ್ಕೊಮ್ಮೆ ಬೇರೆಯವರ ಕೈಗೆ. ಸಂಜೆ ಆ ಪುಟದ ಚಿತ್ರವನ್ನು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಬೇಕು. ಮುಂಬಯಿಗೆ ಬಂದ ಸೌತೆ, ಕುಂಬಳಕ್ಕೆ ಹೋಟೆಲಿನವರು ಕೊಟ್ಟ ಬಿಲ್ಲಿನ ಚಿತ್ರವನ್ನು ನಾವು ಊರಿಗೆ ಕಳಿಸಬೇಕು. ಲೆಕ್ಕ ಕೇಳುವುದು ಒಂದು ಕಡೆಯಿಂದ ಮಾತ್ರವಾದರೆ ಅದು ಧಣಿ ಆಳಿನ ಸಂಬಂಧವಾಗುತ್ತದೆ, ಪಾಲುಗಾರಿಕೆ ಆಗುವುದಿಲ್ಲ.

ಮನೆಗೆ ಕೊಂಡುಹೋದ ಒಂದು ಕಟ್ಟು ಹರಿವೆಯನ್ನೂ ಬರೆಯಬೇಕೆಂದು ಮಾಡಿದಾಗ ಊರಿನ ಒಬ್ಬ ಅಕ್ಕ, "ಇದೆಂಥ ಮಾರಾಯರೇ, ಬೆಳೆದವರಿಗೆ ಸೊಪ್ಪು ತಿನ್ನಲಿಕ್ಕೂ ಲೆಕ್ಕವಾ?" ಎಂದು ನಕ್ಕರು. ಅವರ ಮಾತು ಸರಿಯೇ. ಅದಕ್ಕಾಗಿ ಪ್ರತಿಯೊಂದು ಮನೆಗೂ ವಾರಕ್ಕೆ ಇಷ್ಟು ಕಿಲೋ ತರಕಾರಿ ಹಕ್ಕಿನಿಂದಲೇ ಸಲ್ಲತಕ್ಕದ್ದೆಂದು ಗೊತ್ತು ಮಾಡಿದೆವು. ಅದಕ್ಕೆ ಹಣವಿಲ್ಲ, ಆದರೆ ಪುಸ್ತಕದಲ್ಲಿ ಬರೆಯುವುದುಂಟು. ಹಕ್ಕಿನಿಂದ ಒಯ್ಯುವಾಗ ಸೆರಗಿನಲ್ಲಿ ಮುಚ್ಚಿ ಒಯ್ಯಬೇಕಾಗಿಲ್ಲ.

ಎರಡನೆಯ ವರ್ಷ ಈ ಪುಸ್ತಕ ನಮ್ಮನ್ನು ಉಳಿಸಿತು. ದಿನ ಬಿಟ್ಟು ದಿನ 30 ಕಿಲೋ ಬರುತ್ತಿದ್ದ ಬೆಂಡೆ ಹತ್ತು ಹನ್ನೆರಡು ದಿನಗಳಲ್ಲಿ 12 ಕಿಲೋಗೆ ಇಳಿಯಿತು. ಇಲ್ಲಿನ ಐವರಲ್ಲಿ ಒಬ್ಬರು, "ಅವರು ಬೇರೆ ಅಂಗಡಿಗೆ ಹಾಕುತ್ತಿರಬೇಕು" ಎಂದು ಗುಣುಗುಟ್ಟಿದರು. ಆ ಮಾತನ್ನು ಖೋಲಿಯೊಳಗೆ ಕೊಳೆಯಲು ಬಿಡಲಿಲ್ಲ. ಆ ರಾತ್ರಿಯೇ ಒಂಬತ್ತು ಮಂದಿಯೂ ಫೋನಿನಲ್ಲಿ ಸೇರಿ ಪುಟ ತಿರುಗಿಸಿ ನೋಡಿದೆವು. ಇಳುವರಿ ಇಳಿಯುವುದಕ್ಕೆ ಒಂದು ವಾರ ಮೊದಲೇ 'ಎಲೆಯ ನರ ಹಳದಿಯಾಗಿದೆ, ಆರು ಗಿಡ ಕಿತ್ತು ಸುಟ್ಟದ್ದು' ಎಂದು ಬರೆದಿತ್ತು. ಅದು ಬೆಂಡೆಯ ಹಳದಿ ನಂಜುರೋಗ. ಬಿಳಿನೊಣದಿಂದ ಗಿಡದಿಂದ ಗಿಡಕ್ಕೆ ಹರಡುತ್ತದೆ. ಹಿಡಿದ ಮೇಲೆ ಮದ್ದಿಲ್ಲ, ಗಿಡ ಕೀಳುವುದೇ ದಾರಿ. ಅಂಗಡಿಯವನ ಚೀಟಿಯ ತೂಕಕ್ಕೂ ಪುಸ್ತಕದ ತೂಕಕ್ಕೂ ತಾಳೆಯಾಗಿತ್ತು. ಸಂಶಯಪಟ್ಟವರು ತಾವೇ, "ಮುಂದಿನ ಬಾರಿ ರೋಗ ತಡೆಯುವ ತಳಿಯ ಬೀಜ ಹಾಕೋಣ, ಖರ್ಚು ನೋಡುವುದು ಬೇಡ" ಎಂದರು. ಊರಿನವರೂ ಮುನಿಸಿಕೊಳ್ಳಲಿಲ್ಲ. ಏಕೆಂದರೆ ಕೇಳುವ ಹಕ್ಕು ಎಲ್ಲರಿಗೂ ಇದೆ, ಬೆನ್ನ ಹಿಂದೆ ಕೇಳದೆ ಪುಸ್ತಕದ ಮುಂದೆ ಕೇಳಬೇಕು ಎಂದು ಮೊದಲ ದಿನವೇ ಒಪ್ಪಿಕೊಂಡಿದ್ದೆವು.

ನಮಗಿಂತ ಮೊದಲು ಮಾಡಿದವರು

ಬಂಧುಗಳೇ, ಬಡವರು ಕೂಡಿ ಮಾಡಿದ್ದು ನಿಲ್ಲುವುದಿಲ್ಲ ಎನ್ನುವವರುಂಟು. ಅವರಿಗೆ ಮೂರು ಸಂಗತಿ ಹೇಳಬೇಕು.

ಇಂಗ್ಲೆಂಡಿನ ರಾಚ್‌ಡೇಲ್ ಎಂಬುದು ಗಿರಣಿಗಳ ಊರು. ಅಲ್ಲಿ 1844ರಲ್ಲಿ ನೇಕಾರರೂ ಇತರ ಕೈಕಸುಬಿನವರೂ ಆದ 28 ಮಂದಿ ತಲೆಗೆ ಒಂದು ಪೌಂಡಿನಂತೆ, ವಾರವಾರವೂ ಕೆಲವು ಪೆನ್ಸು ಕೂಡಿಸಿ, ಟೋಡ್ ಲೇನ್ ಎಂಬ ಬೀದಿಯಲ್ಲಿ ಡಿಸೆಂಬರ್ 21ರಂದು ಅಂಗಡಿ ತೆರೆದರು. ಮಾರಲು ಇದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸು, ಮೇಣದ ಬತ್ತಿ. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸವಿಲ್ಲ, ಸಾಲವಿಲ್ಲ, ಎಷ್ಟೇ ಹಣ ಹಾಕಿದರೂ ಒಬ್ಬನಿಗೆ ಒಂದೇ ಮತ: ಇವು ಅವರ ಕಟ್ಟಳೆಗಳು. ಜಗತ್ತಿನ ಸಹಕಾರ ಸಂಘಗಳ ಇಂದಿನ ತತ್ವಗಳಿಗೂ ಆ ಕಟ್ಟಳೆಗಳೇ ಮೂಲ.

ಎರಡನೆಯದು ನಮ್ಮದೇ ನಾಡಿನದು. ಗದಗಿನ ಹತ್ತಿರದ ಕಣಗಿನಹಾಳ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ರೈತರ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದಕ್ಕೆ ಹೆಸರು. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ರೈತರೇ ಒಬ್ಬರಿಗೊಬ್ಬರು ಜಾಮೀನಾಗಿ ನಿಲ್ಲುವ ಹಾದಿ ಅದು.

ಮೂರನೆಯದು ಹೋಟೆಲು ಕೆಲಸಗಾರರದೇ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬಿಡಿಸಲು ಹೊರಟಾಗ, ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ಕೆಲಸಗಾರರು ಸಹಕಾರ ಸಂಘ ಮಾಡಿಕೊಂಡರು. 1957ರಲ್ಲಿ ಬೆಂಗಳೂರಿನಲ್ಲಿ ಇದು ಆರಂಭವಾಯಿತು. ಕಾಫಿ ತಂದುಕೊಡುತ್ತಿದ್ದವರೇ ಒಡೆಯರಾದರು. ಇಂಡಿಯನ್ ಕಾಫಿ ಹೌಸ್ ಎಂಬ ಹೆಸರನ್ನು ತಾವೆಲ್ಲರೂ ಕೇಳಿದ್ದೀರಿ.

ಈ ಮೂರರಲ್ಲಿಯೂ ಸದಸ್ಯರು ದೇವತೆಗಳಾಗಿರಲಿಲ್ಲ. ನಮ್ಮಂತೆಯೇ ಆಸೆ, ಭಯ, ಸಂಶಯ ಇದ್ದವರು. ಕಟ್ಟಳೆ ಅವರನ್ನು ಕೂಡಿಸಿಟ್ಟಿತು.

ಭೂಮಿಯ ಮಾತು

ಕೂಡು ಬೇಸಾಯದಲ್ಲಿ ಮೊದಲ ಭಯ ಭೂಮಿಯ ಒಡೆಯನದು. "ಇವರಿಗೆ ಕೊಟ್ಟರೆ ಗದ್ದೆ ತಿರುಗಿ ಸಿಕ್ಕೀತೇ?" ಎಂಬುದು ಅವನ ಪ್ರಶ್ನೆ. ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಪಡಿಸಿತು. ಅದರಿಂದ ಗೇಣಿದಾರರಾಗಿದ್ದ ಲಕ್ಷಾಂತರ ಕುಟುಂಬಗಳಿಗೆ ಭೂಮಿ ಬಂತು. ನಮ್ಮಲ್ಲಿ ಹಲವರ ಮನೆಗೂ ಬಂದದ್ದು ಹಾಗೆಯೇ. ಆದರೆ ಹೊಸದಾಗಿ ಗೇಣಿಗೆ ಕೊಡುವುದಕ್ಕೆ ಕಾನೂನಿನ ತಡೆ ಇರುವುದರಿಂದ ಇಂದು ಗದ್ದೆ ಹಡಿಲು ಬಿಟ್ಟರೂ ಇನ್ನೊಬ್ಬರಿಗೆ ಕೊಡಲು ಒಡೆಯರು ಅಂಜುತ್ತಾರೆ. ಆದುದರಿಂದ ಭೂಮಿಯುಳ್ಳವನನ್ನು ಹೊರಗೆ ನಿಲ್ಲಿಸದೆ ಪಾಲುಗಾರನನ್ನಾಗಿಯೇ ಸೇರಿಸಿಕೊಳ್ಳುವುದು ಲೇಸು. ಪತ್ರ ಬರೆಯುವ ಮೊದಲು ತಾಲೂಕಿನ ವಕೀಲರೊಬ್ಬರನ್ನು ಕೇಳಿರಿ. ಬಾಯಿ ಮಾತಿನ ಮೇಲೆ ಬಾವಿ ತೋಡಿಸಬೇಡಿರಿ. ಗುಂಪು ಬೆಳೆದರೆ ಸಹಕಾರ ಸಂಘವಾಗಿ ನೋಂದಾಯಿಸಬಹುದು. ಕಂಪನಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ 10 ಮಂದಿ ಬೆಳೆಗಾರರು ಸೇರಿ ಉತ್ಪಾದಕರ ಕಂಪನಿಯನ್ನೂ ಮಾಡಿಕೊಳ್ಳಬಹುದು.

ನೆರೆಯ ಕೇರಳದಲ್ಲಿಯೂ ಗೇಣಿಗೆ ಇಂಥದೇ ತಡೆ ಇದೆ. ಆದರೂ ಅಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಹೆಂಗಸರು ನಾಲ್ಕರಿಂದ ಹತ್ತು ಮಂದಿಯ ಗುಂಪು ಕಟ್ಟಿ, ಹಡಿಲು ಬಿದ್ದ ಭೂಮಿ ಹಿಡಿದು ತರಕಾರಿ, ಬಾಳೆ, ಮರಗೆಣಸು, ಭತ್ತ ಬೆಳೆಯುತ್ತಿದ್ದಾರೆ. ಅವರ ಬಲವಿರುವುದು ಎಲ್ಲಿ? ಬೇಸಾಯಕ್ಕೆ ಇಳಿಯುವ ಮೊದಲೇ ಅವರು ನೆರೆಕೂಟದಲ್ಲಿ ವಾರವಾರವೂ ಸೇರಿ ಸಣ್ಣ ಉಳಿತಾಯ ಮಾಡಿದವರು. ಯಾರು ಹೇಳಿದ ದಿನ ಹಣ ತರುತ್ತಾರೆ, ಯಾರು ನೆಪ ಹೇಳುತ್ತಾರೆ ಎಂಬುದು ಹತ್ತು ಇಪ್ಪತ್ತು ರೂಪಾಯಿಯ ವ್ಯವಹಾರದಲ್ಲಿಯೇ ತಿಳಿದುಹೋಗಿರುತ್ತದೆ. ಬ್ಯಾಂಕಿನ ಸಾಲಕ್ಕೆ ಗುಂಪಿನವರೆಲ್ಲ ಒಟ್ಟಾಗಿ ಹೊಣೆ. ನಾವೂ ಅವರಂತೆ ಮೊದಲು ಆರು ತಿಂಗಳು ಕೂಡಿ ಉಳಿತಾಯ ಮಾಡಿ ನೋಡುವುದು ಒಳ್ಳೆಯದು. ಆರು ತಿಂಗಳ ಉಳಿತಾಯದಲ್ಲಿ ನಿಲ್ಲದ ಗುಂಪು ಒಂದು ಬೆಳೆಯಲ್ಲಿ ನಿಲ್ಲಲಾರದು.

ಪಾಲು ಹೇಗೆ ಮಾಡುವುದು?

ಪಾಲಿನ ಕ್ರಮವನ್ನು ಬೆಳೆ ಬಂದ ಮೇಲೆ ನಿಶ್ಚಯಿಸಿದರೆ ಜಗಳ ಖಂಡಿತ. ಬೀಜ ಹಾಕುವ ಮೊದಲೇ ಬರೆದಿಡಬೇಕು. ನಮ್ಮ ಕ್ರಮವನ್ನು ಹೇಳುತ್ತೇವೆ. ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಬೆಳೆಯ ಮಾರಾಟ 1,00,000 ರೂಪಾಯಿ ಎಂದಿಟ್ಟುಕೊಳ್ಳಿ. ಬೀಜ, ಹಿಂಡಿ, ಗೊಬ್ಬರ, ಪಂಪಿನ ದುರಸ್ತಿ, ಸಾಗಾಟಕ್ಕೆ 28,000. ಕೂಲಿ 45,000, ಇದರಲ್ಲಿ ಪಾಲುಗಾರರು ತಾವೇ ದುಡಿದ ದಿನಗಳ ಕೂಲಿಯೂ ಸೇರಿದೆ, ಅದನ್ನು ವಾರವಾರವೂ ಕೊಡಬೇಕು. ಉಳಿದದ್ದು 27,000. ಇದರಲ್ಲಿ 7,000 ಆಪತ್ತಿನ ನಿಧಿಗೆ. ಮಿಕ್ಕ 20,000ದಲ್ಲಿ ಅರ್ಧ, ಅಂದರೆ 10,000, ದುಡಿದ ದಿನಗಳ ಲೆಕ್ಕದಲ್ಲಿ ದುಡಿದವರಿಗೆ; 5,000 ಭೂಮಿ ಒದಗಿಸಿದ ಪಾಲುಗಾರನಿಗೆ; 5,000 ಹಣ ಹಾಕಿದವರಿಗೆ.

ಹಣ ಹಾಕಿದವರಿಗೆ ಇದು ಕಡಿಮೆ ಎನಿಸಬಹುದು. ಆದರೆ ಬಿಸಿಲಲ್ಲಿ ನಿಂತವನ ಕೈಗೆ ಮೊದಲು ಬರಬೇಕಾದದ್ದು ಬಾರದಿದ್ದರೆ ಅವನು ತೋಟದಲ್ಲಿ ನಿಲ್ಲುವುದಿಲ್ಲ. ಅವನು ನಿಲ್ಲದಿದ್ದರೆ ಹಾಕಿದ ಹಣವೂ ನಿಲ್ಲುವುದಿಲ್ಲ. ಕಾರ್ಮಿಕರಾದ ನಮಗೆ ಇದನ್ನು ಬೇರೆ ಬಿಡಿಸಿ ಹೇಳಬೇಕೇ?

ಇನ್ನೊಂದು ಮಾತು. ಕಳೆ ಕೀಳುವುದು, ಬೀಜ ಉಳಿಸುವುದು, ಕೊಯ್ಯುವುದು ಹೆಚ್ಚಾಗಿ ಹೆಂಗಸರ ಕೈಕೆಲಸ. ಅವರ ದಿನಗಳನ್ನು ಗಂಡನ ಹೆಸರಿನಲ್ಲಿ ಬರೆಯಬಾರದು. ಅವರದೇ ಹೆಸರಿನಲ್ಲಿ ಬರೆದು, ಗಂಡಸರ ಸಮಾನ ಕೂಲಿ ಹಾಕಿ, ಹಣವನ್ನು ಅವರ ಕೈಗೇ ಕೊಡಬೇಕು.

ರಾತ್ರಿ ಹೊಡೆಯುವ ಮದ್ದು

ವಿಷವಿಲ್ಲದ ತರಕಾರಿ ಎಂದು ಹೇಳಿ ಮಾರುವವನಿಗೆ ಒಂದು ಪರೀಕ್ಷೆ ಬಂದೇ ಬರುತ್ತದೆ. ರಾಸಾಯನಿಕ ಗೊಬ್ಬರ ಉಂಡು ಅಭ್ಯಾಸವಾದ ಭೂಮಿಯನ್ನು ಹಟ್ಟಿಗೊಬ್ಬರ, ಸೊಪ್ಪಿನ ಗೊಬ್ಬರ, ಬೇವಿನ ಹಿಂಡಿಗೆ ತಿರುಗಿಸಿದಾಗ ಮೊದಲ ಎರಡು ಮೂರು ವರ್ಷ ಇಳುವರಿ ಇಳಿಯುವುದುಂಟು. ಅಂಥ ಹೊತ್ತಿನಲ್ಲಿ ಒಬ್ಬ ಪಾಲುಗಾರ ತನ್ನ ಭಾಗದ ಸಾಲುಗಳಿಗೆ ಹುಳ ಬಿದ್ದದ್ದನ್ನು ಕಂಡು, ರಾತ್ರಿ ಯಾರಿಗೂ ತಿಳಿಯದಂತೆ ಮದ್ದು ಹೊಡೆದುಬಿಡಬಹುದು. ಒಬ್ಬನು ಹೊಡೆದರೆ ಎಲ್ಲರ ಹೆಸರೂ ಕೆಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಆದರೆ ಅವನು ಹಾಗೆ ಮಾಡುವುದು ಏಕೆಂದು ವಿಚಾರಿಸಿ ನೋಡಿರಿ. ಹೆಚ್ಚಾಗಿ ಅವನು ದುಷ್ಟನಲ್ಲ, ಹೆದರಿದವನು. ಬೆಳೆ ಹೋದರೆ ನಷ್ಟ ತನ್ನೊಬ್ಬನ ತಲೆಯ ಮೇಲೆ ಬೀಳುತ್ತದೆಂಬ ಹೆದರಿಕೆ. ಆದುದರಿಂದ ನಾವು ಸಾಲುಗಳನ್ನು ಹಂಚಿಕೊಂಡು 'ಇದು ನಿನ್ನದು, ಅದು ನನ್ನದು' ಎಂದು ಮಾಡಲಿಲ್ಲ. ಹುಳ, ಮಳೆ, ಕಾಡುಹಂದಿ, ನವಿಲು ಯಾವುದರಿಂದ ನಷ್ಟವಾದರೂ ಅದು ಒಂಬತ್ತು ಮಂದಿಯ ನಷ್ಟ. ಆಪತ್ತಿನ ನಿಧಿ ಇರುವುದು ಅದಕ್ಕೇ. ಹೆದರಿಕೆ ಹೋದಲ್ಲಿ ಕದ್ದು ಹೊಡೆಯುವ ಕಾರಣವೂ ಹೋಗುತ್ತದೆ. ಹುಳ ಕಂಡವನು ಬೆಳಿಗ್ಗೆ ಎಲ್ಲರನ್ನೂ ಕರೆದು ತೋರಿಸುತ್ತಾನೆ. ಬೇವಿನ ಎಣ್ಣೆಯೋ, ಹಳದಿ ಅಂಟು ಹಲಗೆಯೋ, ಕೈಯಿಂದ ಹೆಕ್ಕುವುದೋ, ಕೂಡಿ ತೀರ್ಮಾನವಾಗುತ್ತದೆ.

ಸರಕಾರದ್ದೂ ಒಂದು ಪದ್ಧತಿ ಇದೆ. 2011ರಲ್ಲಿ ಆರಂಭವಾದ ಅದಕ್ಕೆ ಪಿ.ಜಿ.ಎಸ್. ಇಂಡಿಯಾ ಎಂದು ಹೆಸರು. ದೊಡ್ಡ ಶುಲ್ಕ ತೆಗೆದುಕೊಂಡು ಹೊರಗಿನ ಅಧಿಕಾರಿ ಬಂದು ಸರ್ಟಿಫಿಕೇಟು ಕೊಡುವ ಕ್ರಮ ಇದಲ್ಲ. ಕನಿಷ್ಠ ಐದು ಮಂದಿ ರೈತರು ಗುಂಪಾಗಿ, ವಿಷ ಬಳಸುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಬರೆದಿಡಬೇಕು. ನೆರೆಯವನ ಕಣ್ಣಿಗಿಂತ ದೊಡ್ಡ ಇನ್‌ಸ್ಪೆಕ್ಟರು ಬೇರೆ ಇಲ್ಲ ಎಂಬುದೇ ಇದರ ತಿರುಳು.

ಅಡಿಗೆಮನೆಯೂ ಪಾಲುಗಾರ

ಬೆಳೆದವರು, ಹಣ ಹಾಕಿದವರು ಇಬ್ಬರೂ ಸರಿಯಾಗಿದ್ದರೂ ಕೊಳ್ಳುವವನು ಕೈಕೊಟ್ಟರೆ ತೋಟ ಮುಳುಗುತ್ತದೆ. ಜಪಾನಿನಲ್ಲಿ 1971ರಲ್ಲಿ ಸಾವಯವ ಕೃಷಿಯ ಸಂಘವೊಂದು ಹುಟ್ಟಿ, ಬೆಳೆಗಾರರೂ ಪಟ್ಟಣದ ಮನೆಗಳವರೂ ನೇರವಾಗಿ ಕೈ ಹಿಡಿಯುವ 'ತೇಕೇ' ಎಂಬ ಕ್ರಮವನ್ನು ಬೆಳೆಸಿತು. 1978ರಲ್ಲಿ ಅದಕ್ಕೆ ಹತ್ತು ಸೂತ್ರಗಳನ್ನು ಮಾಡಿಕೊಂಡರು. ಅವುಗಳಲ್ಲಿ ಎರಡನ್ನು ನಮ್ಮ ಹೋಟೆಲಿನವರು ಕಲಿಯಬೇಕು. ಮಾತಾಡಿ ಬೆಳೆಸಿದ ಬೆಳೆಯನ್ನೆಲ್ಲ ಕೊಳ್ಳುವವರು ತೆಗೆದುಕೊಳ್ಳಬೇಕು. ದರವನ್ನು ಎರಡು ಕಡೆಯವರೂ ಕೂತು, ಒಬ್ಬರ ಕಷ್ಟ ಒಬ್ಬರು ಅರಿತು ನಿಶ್ಚಯಿಸಬೇಕು.

ನಮಗೆ ಇದರಲ್ಲಿ ಒಂದು ಅನುಕೂಲವಿದೆ. ಅಡಿಗೆಮನೆಯ ಭಟ್ಟರು ನಮ್ಮವರೇ. ಬೂದುಗುಂಬಳ ಹೆಚ್ಚು ಬಂದ ವಾರ ಮಜ್ಜಿಗೆಹುಳಿ ಆದೀತು, ಕಾಶಿ ಹಲ್ವ ಆದೀತು. ಸಾಂಬಾರು ಸೌತೆಯನ್ನು ಊರಿನಲ್ಲಿ ಮಾಡಿನ ಅಡಿಗೆ ನೇತುಹಾಕಿ ತಿಂಗಳುಗಟ್ಟಲೆ ಇಡುತ್ತಾರೆ. ಮುಂಬಯಿಗೆ ಬರಲು ಅದು ಹೆದರುವುದಿಲ್ಲ. ಹರಿವೆ, ಬಸಳೆ, ಬೆಂಡೆ ಮಾತ್ರ ಊರಿನ ಪೇಟೆಯಲ್ಲೇ ಮಾರಬೇಕು. ಹೀಗೆ ಯಾವುದು ಎಲ್ಲಿಗೆ ಎಂದು ಮೊದಲೇ ಹೊಂದಿಸಿಕೊಂಡರೆ ಕೊಳೆಯುವುದು ಕಡಿಮೆ.

ಆದರೆ ನಂಬಿಕೆ ಎರಡು ಕಡೆಯದು. ವಾಶಿ ಮಾರುಕಟ್ಟೆಯಲ್ಲಿ ದರ ಏರಿದ ದಿನ ನಾವು ಒಪ್ಪಿದ ಹೋಟೆಲನ್ನು ಬಿಟ್ಟು ಅಲ್ಲಿಗೆ ಸುರಿದರೆ, ದರ ಬಿದ್ದ ದಿನ ಹೋಟೆಲಿನವರು ನಮ್ಮನ್ನು ಬಿಟ್ಟು ಅಲ್ಲಿಂದ ತರುತ್ತಾರೆ. ಆಗ ಯಾರ ಮೇಲೆ ಸಿಟ್ಟು ಮಾಡೋಣ? ಇಡೀ ಬೆಳೆಗೆ ಒಂದೇ ದರ ಮಾಡಿಕೊಂಡು, ಏರಿಕೆಯಲ್ಲೂ ಇಳಿಕೆಯಲ್ಲೂ ಅದನ್ನೇ ನಡೆಸುವುದು ನಮ್ಮ ಪದ್ಧತಿ. ಏರಿದ ದಿನ ಸ್ವಲ್ಪ ಹೊಟ್ಟೆ ಉರಿಯುತ್ತದೆ, ನಿಜ. ಬಿದ್ದ ದಿನ ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ಬಿಟ್ಟುಹೋಗುವವನಿಗೂ ದಾರಿ ಇರಲಿ

ಕೊನೆಯದಾಗಿ, ಸೇರುವ ದಿನವೇ ಬಿಡುವ ಮಾತನ್ನೂ ಆಡಬೇಕು. ಕೆಲವರು ಇದನ್ನು ಅಪಶಕುನ ಎನ್ನುತ್ತಾರೆ. ಆದರೆ ಹೊರಹೋಗುವ ಬಾಗಿಲು ಇಲ್ಲದ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಇರಲಾರರು. ನಮ್ಮಲ್ಲಿ ಬೆಳೆಯ ನಡುವೆ ಯಾರೂ ಬಿಡುವಂತಿಲ್ಲ. ಬೆಳೆ ಮುಗಿದು ಲೆಕ್ಕವಾದ ಮೇಲೆ ಬಿಡಬಹುದು. ಹಾಕಿದ ಹಣವನ್ನು ಎರಡು ಕಂತಿನಲ್ಲಿ ತಿರುಗಿ ಕೊಡುವುದು. ಹೊಸಬರನ್ನು ಎಲ್ಲರ ಒಪ್ಪಿಗೆಯಿಂದ ಮಾತ್ರ ಸೇರಿಸುವುದು. ಪಾಲುಗಾರನು ಸತ್ತರೆ ಪಾಲು ಯಾರಿಗೆಂದು ಪ್ರಾವಿಡೆಂಟ್ ಫಂಡಿನ ಕಾಗದದಲ್ಲಿ ಬರೆಸುವಂತೆ ಇಲ್ಲಿಯೂ ಬರೆಸುವುದು. ತೀರದ ಜಗಳ ಬಂದರೆ ಊರಿನ ಒಬ್ಬ ಹಿರಿಯರು, ಇಲ್ಲಿನ ಒಬ್ಬ ಹಿರಿಯರು ಕೂತು ಹೇಳಿದ್ದನ್ನು ಒಪ್ಪುವುದು, ಅವರಿಬ್ಬರೂ ಪಾಲುಗಾರರಾಗಿರಬಾರದು.

ಮಹನೀಯರೇ, 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಬಳಿಕ ಈ ಊರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಮಂದಿಗೆ ಊರಿಗೆ ಹೋಗುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ. ಊರಿಗೆ ಹೋದವರಲ್ಲಿ ಅನೇಕರಿಗೆ ಅಲ್ಲಿ ಏನೂ ಸಿದ್ಧವಿರಲಿಲ್ಲ. 2020ರಲ್ಲಿ ನಮಗೂ ಹಾಗೆಯೇ ಆಯಿತು. ಮೂರನೆಯ ಸಲ ಹಾಗಾಗುವುದು ಬೇಡ. ಕೆಲಸ ಇರುವಾಗಲೇ, ಕೈಯಲ್ಲಿ ನಾಲ್ಕು ಕಾಸು ಇರುವಾಗಲೇ, ಊರಿನಲ್ಲಿ ಒಂದು ಹಸುರು ಸಾಲು ಎದ್ದು ನಿಲ್ಲಲಿ.

ಆಸೆಯಿದ್ದವರು ಮೊದಲು ಐದರಿಂದ ಹತ್ತು ಮಂದಿ ಸೇರಿರಿ. ಆರು ತಿಂಗಳು ಉಳಿತಾಯ ಮಾಡಿರಿ. ಆಮೇಲೆ ಅರ್ಧ ಎಕ್ರೆಯಲ್ಲಿ ಒಂದೇ ಒಂದು ಬೆಳೆ ತೆಗೆಯಿರಿ. ಇಡೀ ಪ್ರಾವಿಡೆಂಟ್ ಫಂಡನ್ನು ಯಾರೂ ಹಾಕಬೇಡಿರಿ. ಹೋದರೂ ಮನೆ ನಡೆಯುವಷ್ಟು ಮಾತ್ರ ಹಾಕಿರಿ. ನಮ್ಮ ಪುಸ್ತಕದ ಒಂದು ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಅದರಲ್ಲಿ ಲಾಭದ ಪುಟವೂ ಇದೆ, ಬೆಂಡೆ ಕಿತ್ತು ಸುಟ್ಟ ಪುಟವೂ ಇದೆ. ಬಂದು ಎರಡನ್ನೂ ಓದಿರಿ, ಪ್ರಶ್ನೆ ಕೇಳಿರಿ. ರವಿವಾರ ಸಂಜೆ ಪಾಳಿ ಮುಗಿದ ಮೇಲೆ ನಾವು ಅಲ್ಲಿಯೇ ಇರುತ್ತೇವೆ.